ಎರಡು ಅವಧಿ ಸಾಕು

ಅಮೆರಿಕದ ಸಂವಿಧಾನದ 22ನೇ ತಿದ್ದುಪಡಿಯ ಹುಟ್ಟಿನಲ್ಲಿ ಹಗೆಯ ಪಾಲು ದೊಡ್ಡದಿತ್ತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದದ್ದು ರಿಪಬ್ಲಿಕನ್ನರಿಗೆ ನುಂಗಲಾರದ ತುತ್ತಾಗಿತ್ತು. ಕಾಂಗ್ರೆಸ್ಸಿನ ಎರಡೂ ಸದನ ಕೈಗೆ ಸಿಕ್ಕಿದ್ದೇ ತಡ, 1947ರಲ್ಲಿ ಅವರು ಒಗ್ಗಟ್ಟಾಗಿ ಮತ ಹಾಕಿ ಅದನ್ನು ಪಾಸು ಮಾಡಿದರು. ರಾಜ್ಯಗಳ ಒಪ್ಪಿಗೆ ದೊರೆತು 1951ರಲ್ಲಿ ಜಾರಿಗೆ ಬಂತು: ಯಾರೂ ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಹೇಗೇ ಹುಟ್ಟಿರಲಿ, ಇದು ಬೇಕಾದ ಕಾನೂನೇ.

ಈ ಮಿತಿಯ ಕೀರ್ತಿಯನ್ನೆಲ್ಲ ಜಾರ್ಜ್ ವಾಷಿಂಗ್ಟನ್‌ಗೆ ಕೊಡುವುದು ರೂಢಿ. ನನಗದು ಪೂರ್ತಿ ಒಪ್ಪಿಗೆಯಿಲ್ಲ. 1788ರಲ್ಲಿ ಲಫಾಯೆಟ್‌ಗೆ ಬರೆದ ಪತ್ರದಲ್ಲಿ ಅವರು ಇಂಥ ಕಟ್ಟು ಬೇಡವೆಂದೇ ವಾದಿಸಿದ್ದರು. 1797ರಲ್ಲಿ ಅಧಿಕಾರ ಬಿಟ್ಟು ಮೌಂಟ್ ವರ್ನನ್‌ಗೆ ಮರಳಿದ್ದರಲ್ಲಿ ದಣಿವೂ ಇತ್ತು, ಹೊಲಮನೆಯ ಹಂಬಲವೂ ಇತ್ತು. ಅದನ್ನು ತತ್ವವಾಗಿ ನಿಲ್ಲಿಸಿದವರು ಜೆಫರ್ಸನ್. ಮಿತಿಯಿಲ್ಲದ ಹುದ್ದೆ ಮೊದಲು ಆಜೀವ, ಆಮೇಲೆ ವಂಶಪಾರಂಪರ್ಯವಾಗುತ್ತದೆ ಎಂದು 1807ರಲ್ಲಿ ವರ್ಮಾಂಟಿನ ಶಾಸಕರಿಗೆ ಬರೆದು, ತಾವೂ ಮೂರನೇ ಅವಧಿಯನ್ನು ನಿರಾಕರಿಸಿದರು.

ವಿರೋಧದ ವಾದ ಸಂವಿಧಾನ ರಚನೆಕಾರರಲ್ಲೊಬ್ಬರಾದ ಹ್ಯಾಮಿಲ್ಟನ್‌ದು: ಸಂಕಟದ ಹೊತ್ತಿನಲ್ಲಿ ಅನುಭವಿಯನ್ನು ಹೊರಗಿಟ್ಟರೆ ನಷ್ಟ ದೇಶಕ್ಕೇ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1940ರಲ್ಲಿ ಫ್ರಾನ್ಸ್ ಹಿಟ್ಲರನಿಗೆ ಶರಣಾಗಿತ್ತು. ಆ ವರ್ಷ ಮತದಾರರು ರೂಸ್‌ವೆಲ್ಟ್‌ರನ್ನು ಮೂರನೇ ಅವಧಿಗೆ ಉಳಿಸಿಕೊಂಡದ್ದು ಸರಿಯೆಂದೇ ನನಗೂ ಅನ್ನಿಸುತ್ತದೆ.

ಆದರೆ 1944ರ ಚುನಾವಣೆ ಬೇರೆಯೇ ಕತೆ. ಆ ಮಾರ್ಚಿನಲ್ಲಿ ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಹೃದಯತಜ್ಞ ಹೊವಾರ್ಡ್ ಬ್ರೂನ್ ಅಧ್ಯಕ್ಷರನ್ನು ಪರೀಕ್ಷಿಸಿದ್ದರು. ಬಿಪಿ 186/108, ಹೃದಯ ಹಿಗ್ಗಿತ್ತು, ವೈಫಲ್ಯದ ಲಕ್ಷಣ ಸ್ಪಷ್ಟವಾಗಿತ್ತು. ಮತದಾರರಿಗೆ ಇದರ ಸುಳಿವೇ ಇರಲಿಲ್ಲ. ನವೆಂಬರಿನಲ್ಲಿ ಗೆದ್ದವರು ಮರುವರ್ಷದ ಏಪ್ರಿಲ್ 12ರಂದು ತೀರಿಕೊಂಡರು. ಉತ್ತರಾಧಿಕಾರಿ ಟ್ರೂಮನ್ ಅವರನ್ನು ಯುದ್ಧದ ಒಳಮನೆಗೆ ಬಿಟ್ಟುಕೊಂಡೇ ಇರಲಿಲ್ಲ. ಅಣುಬಾಂಬಿನ ಪೂರ್ಣ ವಿವರ ಅವರಿಗೆ ಸಿಕ್ಕಿದ್ದು ಅಧ್ಯಕ್ಷರಾದ ಮೇಲೆ, ಏಪ್ರಿಲ್ 25ರಂದು. ಹನ್ನೆರಡು ವರ್ಷ ಒಬ್ಬರ ಸುತ್ತಲೇ ಸುತ್ತಿದ ಆಡಳಿತ ಇನ್ನೊಬ್ಬರನ್ನು ತಯಾರು ಮಾಡುವುದನ್ನೇ ಮರೆತಿತ್ತು. ಕೊನೆಯ ದಿನಾಂಕ ಮೊದಲೇ ಗೊತ್ತಿದ್ದರೆ ಪಕ್ಷ ಮುಂದಿನವರನ್ನು ಹುಡುಕಲೇಬೇಕು. ಮಿತಿಯ ನಿಜವಾದ ಲಾಭ ಇದು.

ಕೊರತೆಯೂ ಇದೆ. ಈ ತಿದ್ದುಪಡಿ ಲೆಕ್ಕವಿಡುವುದು ಅವಧಿಗಳನ್ನು ಮಾತ್ರ. ಅಧ್ಯಕ್ಷರು ಅಸಮರ್ಥರಾದರೆ ಏನು ಮಾಡಬೇಕೆಂದು 1967ರ 25ನೇ ತಿದ್ದುಪಡಿ ಹೇಳಿತು. ಆದರೂ ವೈದ್ಯರ ವರದಿಯನ್ನು ಜನರ ಮುಂದಿಡಬೇಕೆಂಬ ಕಡ್ಡಾಯ ಇವೆರಡರಲ್ಲೂ ಇಲ್ಲ. ಬ್ರೂನ್ ಕಂಡಂಥದ್ದನ್ನು ಮತದಾರರಿಂದ ಮುಚ್ಚಿಡಲು ಮೊದಲ ಅವಧಿಯ ಅಧ್ಯಕ್ಷರಿಗೂ ಇಂದು ಅವಕಾಶವಿದೆ.