ವಿಶ್ವಪರಂಪರೆಯೂ ರಾಜ್ಯಗಳ ಬೊಕ್ಕಸವೂ

ಒಂದು ರಾಜ್ಯವು ತನ್ನ ಪ್ರಜೆಗಳಿಂದ ತೆರಿಗೆಯಾಗಿ ಎತ್ತಿದ ಹಣವನ್ನು ತನ್ನ ಗಡಿಯ ಆಚೆ ನಿಂತಿರುವ ದೇವಾಲಯದ ಗೋಡೆಗಾಗಿಯೋ, ಆ ಪ್ರಜೆಗಳಲ್ಲಿ ಬಹುಮಂದಿ ಎಂದೂ ಕಾಣಲಾರದ ಅರಣ್ಯದ ಘೇಂಡಾಮೃಗಕ್ಕಾಗಿಯೋ ವ್ಯಯಮಾಡುವುದು ಯುಕ್ತವೆ ಎಂದು ನೂರು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ, ಯಾವ ದೇಶದ ಅರ್ಥಸಚಿವರೂ ಉತ್ತರ ಕೊಡುವ ಶ್ರಮವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಇಂದು ಆ ಪ್ರಶ್ನೆಗೆ ಅಹುದೆಂಬ ಉತ್ತರವು 196 ರಾಜ್ಯಗಳು ಅಂಗೀಕರಿಸಿರುವ ಒಡಂಬಡಿಕೆಯಲ್ಲಿ ಲಿಖಿತವಾಗಿದೆ. 1972ರ ನವೆಂಬರ್ 16ರಂದು ಪ್ಯಾರಿಸಿನಲ್ಲಿ ಯುನೆಸ್ಕೋ ಮಹಾಸಭೆಯು ಸ್ವೀಕರಿಸಿದ, 1977ರಲ್ಲಿ ಭಾರತವೂ ಒಪ್ಪಿಕೊಂಡ ಆ ಒಡಂಬಡಿಕೆಯು ಮನುಷ್ಯನ ಕೃತಿಗಳನ್ನೂ ಪ್ರಕೃತಿಯ ಸೃಷ್ಟಿಯನ್ನೂ ಒಂದೇ ಕಟ್ಟಿನಲ್ಲಿಟ್ಟು, ಇವು ಸಮಸ್ತ ಮಾನವಕುಲದ ಸೊತ್ತೆಂದು ಸಾರಿತು. ಆ ತತ್ತ್ವದ ಔನ್ನತ್ಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಅದರ ಬೆನ್ನಿಗೆ ಬೊಕ್ಕಸಗಳಿಂದ ಹೊರಟ ಹಣವು ಯಾವ ದಾರಿಯನ್ನು ಹಿಡಿಯಿತು, ಏನನ್ನು ಉಳಿಸಿತು, ಏನನ್ನು ಕಣ್ಣೆತ್ತಿಯೂ ನೋಡದೆ ಹೋಯಿತು ಎಂಬುದು ಮಾತ್ರ ವಿಚಾರಾರ್ಹವಾದ ಸಂಗತಿ.

ಈ ಪದ್ಧತಿಯ ಮೂಲವಿರುವುದು ನೈಲ್ ನದಿಯ ದಡದಲ್ಲಿ. 1960ರ ಜನವರಿಯಲ್ಲಿ ಆಸ್ವಾನಿನ ಮಹಾ ಅಣೆಕಟ್ಟಿನ ಕೆಲಸ ಪ್ರಾರಂಭವಾದಾಗ, ಅದರ ಹಿನ್ನೀರಿನಲ್ಲಿ ಈಜಿಪ್ಟ್ ಮತ್ತು ಸುಡಾನ್ ದೇಶಗಳ ನೂಬಿಯಾ ಪ್ರಾಂತ್ಯವು ಅದರ ದೇವಾಲಯಗಳು, ಕೋಟೆಗಳು, ಸಮಾಧಿಗಳು, ಗ್ರಾಮಗಳ ಸಮೇತ ಮುಳುಗಲಿರುವುದು ನಿಶ್ಚಯವಾಗಿತ್ತು. ಎರಡೂ ಸರ್ಕಾರಗಳು ನೆರವು ಕೋರಿದ ಮೇಲೆ, ಅದೇ ವರ್ಷದ ಮಾರ್ಚ್ 8ರಂದು ಯುನೆಸ್ಕೋ ಸಂಸ್ಥೆಯ ಅಂದಿನ ಮಹಾನಿರ್ದೇಶಕರಾದ ವಿತ್ತೋರಿನೋ ವೆರೊನೀಸೆಯವರು ಜಗತ್ತಿನ ಸರ್ಕಾರಗಳ ಮುಂದೆ ಕೈಯೊಡ್ಡಿದರು. ಇಪ್ಪತ್ತು ವರ್ಷ ನಡೆದ ಆ ಕಾರ್ಯದಲ್ಲಿ ಇಪ್ಪತ್ತೆರಡು ಸ್ಮಾರಕಗಳೂ ಕಟ್ಟಡಸಮೂಹಗಳೂ ಸ್ಥಳಾಂತರಗೊಂಡುವು. ಒಟ್ಟು ವೆಚ್ಚವಾದ ಸುಮಾರು 8 ಕೋಟಿ ಡಾಲರಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಐವತ್ತರಷ್ಟು ರಾಷ್ಟ್ರಗಳು ಕೊಟ್ಟುವು. ಶೀತಲಸಮರದ ಉಚ್ಛ್ರಾಯಕಾಲದಲ್ಲಿ, ಸೋವಿಯತ್ ನೆರವಿನಿಂದ ಏಳುತ್ತಿದ್ದ ಅಣೆಕಟ್ಟಿನ ನೀರಿನಿಂದ ಫರೋ ದೊರೆಗಳ ದೇವರುಗಳನ್ನು ಪಾರುಮಾಡಲು ಅಮೆರಿಕೆಯ ಹಣವು ಬಂದದ್ದನ್ನು ನೆನೆದರೆ, ಈ ಸಾಧನೆಯನ್ನು ಯಾವ ಕಾರಣಕ್ಕೂ ಕಿರಿದುಮಾಡಿ ಹೇಳುವ ಧೈರ್ಯ ನನಗಾಗದು.

ಆದರೆ ಆ ಸಾಧನೆಯ ರೂಪವನ್ನು ನಿರ್ಧರಿಸಿದ್ದು ಹಣವೇ ಎಂಬುದನ್ನು ಮರೆಯಬಾರದು. ಎರಡನೆಯ ರಾಮ್ಸೆಸನು ಕ್ರಿಸ್ತಪೂರ್ವ ಹದಿಮೂರನೆಯ ಶತಮಾನದಲ್ಲಿ ಬೆಟ್ಟವನ್ನೇ ಕೊರೆಸಿ ಮಾಡಿಸಿದ ಅಬು ಸಿಂಬೆಲ್ ಗುಡಿಗಳನ್ನು ಅಖಂಡವಾಗಿ ಬಂಡೆಯಿಂದ ಬಿಡಿಸಿ, ಯಂತ್ರಗಳ ಒತ್ತಡದಿಂದ ಮೇಲಕ್ಕೆತ್ತಬೇಕೆಂಬ ಇಟಲಿಯವರ ಯೋಜನೆಯೊಂದಿತ್ತು. ಶಿಲ್ಪಕ್ಕೆ ಗರಗಸವನ್ನು ಮುಟ್ಟಿಸದ ಆ ಯೋಜನೆಗೆ ತಜ್ಞರ ಮೆಚ್ಚುಗೆ ದೊರಕಿತಾದರೂ, ಅದಕ್ಕೆ ಬೇಕಾದಷ್ಟು ಹಣದ ವಾಗ್ದಾನವು ಸರ್ಕಾರಗಳಿಂದ ಬರಲಿಲ್ಲ. ಆದಕಾರಣ 1963ರಲ್ಲಿ ಗುಡಿಗಳನ್ನು ತುಂಡುತುಂಡಾಗಿ ಕತ್ತರಿಸಿ ಮೇಲಕ್ಕೆ ಸಾಗಿಸುವ ಅಗ್ಗದ ಉಪಾಯವು ಅಂಗೀಕೃತವಾಯಿತು.

ಆ ಕತ್ತರಿಸುವ ಕೆಲಸವನ್ನು ಸ್ವಲ್ಪ ಸಮೀಪದಿಂದ ನೋಡುವುದು ಉಚಿತ. ನದಿಯ ನೀರು ಮೇಲೇರುತ್ತಿದ್ದುದರಿಂದ ಮೊದಲು ಗುಡಿಗಳ ಮುಂದೆ ತಾತ್ಕಾಲಿಕವಾದ ಒಡ್ಡನ್ನು ಕಟ್ಟಿದರು. ಮೇಲಿನ ಬೆಟ್ಟವನ್ನು ಕಡಿಯುವಾಗ ಸಿಡಿಯುವ ಕಲ್ಲು ತಾಗದಂತೆ, ಇಪ್ಪತ್ತು ಮೀಟರ್ ಎತ್ತರದ ರಾಮ್ಸೆಸನ ಆಸೀನವಿಗ್ರಹಗಳನ್ನು ಮರಳಿನಲ್ಲಿ ಹೂಳಿದರು. ಪುಡಿಪುಡಿಯಾಗುವ ಸ್ವಭಾವದ ಮರಳುಗಲ್ಲಿಗೆ ಕೃತಕ ರಾಳವನ್ನು ಒಳಹೊಗಿಸಿ ಗಟ್ಟಿಮಾಡಿ, ಹೊರಗೆ ಕಾಣುವ ಮುಖಭಾಗಗಳಲ್ಲಿ ಗರಗಸದ ಗೆರೆಯು ಕೆಲವೇ ಮಿಲಿಮೀಟರ್ ಅಗಲವನ್ನು ಮೀರಕೂಡದೆಂದು ವಿಧಿಸಿ, ಕೈಗರಗಸಗಳಿಂದ ಅತಿ ನಿಧಾನವಾಗಿ ಕೊಯ್ದರು; ಇಟಲಿಯ ಅಮೃತಶಿಲೆಯ ಗಣಿಗಳಲ್ಲಿ ಪಳಗಿದ ಕೈಗಳೂ ಅಲ್ಲಿದ್ದುವು. ಇಪ್ಪತ್ತು ಮೂವತ್ತು ಟನ್ ಭಾರದ, ಸಾವಿರಕ್ಕೆ ಮೀರಿದ ತುಂಡುಗಳು ಹಳೆಯ ನೆಲೆಗಿಂತ ಸುಮಾರು 65 ಮೀಟರ್ ಮೇಲಕ್ಕೆ ಏರಿ ಮತ್ತೆ ಒಂದಾದುವು. ಹಿಂದಿನ ಬೆಟ್ಟಕ್ಕೆ ಬದಲಾಗಿ ಕಾಂಕ್ರೀಟಿನ ಗುಮ್ಮಟವನ್ನೆತ್ತಿ, ಅದರ ಮೇಲೆ ಕೃತಕ ಗುಡ್ಡವನ್ನು ರಚಿಸಿದರು. 1968ರ ಸೆಪ್ಟೆಂಬರಿನಲ್ಲಿ ಆ ಕೆಲಸ ಸಮಾಪ್ತವಾಯಿತು. ಗರ್ಭಗೃಹದಲ್ಲಿ ವರ್ಷಕ್ಕೆರಡು ಸಲ ಉದಯಸೂರ್ಯನ ಕಿರಣ ಬೀಳುವಂತೆ ಪ್ರಾಚೀನ ಶಿಲ್ಪಿಗಳು ಮಾಡಿದ್ದ ಏರ್ಪಾಡು ಸ್ಥಳಾಂತರದ ಬಳಿಕವೂ ಉಳಿದುಬಂದಿರುವುದು ಆ ಕೆಲಸಗಾರರ ಶ್ರದ್ಧೆಗೆ ಸಾಕ್ಷಿ. ಅಗ್ಗವೆಂದು ಆರಿಸಿದ ದಾರಿಯನ್ನು ಕೈಕೆಲಸದವರು ಗೌರವದ ದಾರಿಯನ್ನಾಗಿ ಮಾಡಿದರು.

ಇನ್ನು ಅಮೆರಿಕೆಯ ಕೊಡುಗೆಯ ಸ್ವರೂಪ. 1961ರಲ್ಲಿ ಅಧ್ಯಕ್ಷ ಕೆನಡಿಯವರು ಈ ವಿಷಯವಾಗಿ ತಮ್ಮ ಶಾಸನಸಭೆಗೆ ಸಂದೇಶವನ್ನು ಕಳುಹಿಸಿದರು. ಮುಂದೆ ಅಬು ಸಿಂಬೆಲ್ಲಿಗಾಗಿ 1 ಕೋಟಿ 20 ಲಕ್ಷ ಡಾಲರಿಗೆ ಸಮನಾದ ಮೊತ್ತ ಬಂದಿತು. ಆದರೆ ಅದು ಡಾಲರುಗಳಾಗಿ ಬರಲಿಲ್ಲ. ಪಿ.ಎಲ್. 480 ಎಂಬ ಹೆಸರಿನಿಂದ ನಮ್ಮವರಿಗೂ ಸುಪರಿಚಿತವಾಗಿರುವ ಶಾಸನದ ಮೇರೆಗೆ ಈಜಿಪ್ಟಿಗೆ ಧಾನ್ಯವನ್ನು ಮಾರಿ, ಆ ದೇಶದ ನಾಣ್ಯದಲ್ಲಿ ಶೇಖರವಾಗಿ ಅಲ್ಲಿಯೇ ಉಳಿದಿದ್ದ ಹಣವದು. ಇದರಿಂದ ಕೊಡುಗೆಯ ಬೆಲೆ ಕುಗ್ಗಿತೆಂದು ನಾನು ಹೇಳುವುದಿಲ್ಲ. ಆದರೂ ಸರ್ಕಾರಗಳ ಔದಾರ್ಯವು ಪ್ರಾಯಶಃ ಸೌಕರ್ಯದ ಹಾದಿಯಲ್ಲಿಯೇ ನಡೆಯುತ್ತದೆಂಬುದಕ್ಕೆ ಇದೊಂದು ಪ್ರಬಲ ನಿದರ್ಶನ. ನೆರವಿತ್ತ ದೇಶಗಳಿಗೆ ಈಜಿಪ್ಟು ಪ್ರತ್ಯುಪಕಾರವಾಗಿ ಗುಡಿಗಳನ್ನೇ ಕೊಟ್ಟಿತು: ದೆಂದೂರಿನ ಗುಡಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯವನ್ನು ಸೇರಿತು, ದೆಬೋದಿನದು ಮ್ಯಾಡ್ರಿಡ್ಡಿನ ಉದ್ಯಾನದಲ್ಲಿ ನಿಂತಿತು, ತಾಫೆಯದು ಹಾಲೆಂಡಿನ ಲೈಡನ್ನಿಗೆ ಹೋಯಿತು. ನೈಲಿನ ದಡಕ್ಕೆಂದು ಕಟ್ಟಿದ ಗುಡಿಗಳು ಅಲ್ಲಿ ಸುರಕ್ಷಿತವಾಗಿರುವುವು, ನಿಜ. ತಮ್ಮ ನದಿಯನ್ನೂ ತಮ್ಮ ಬಿಸಿಲನ್ನೂ ಅವು ಕಳೆದುಕೊಂಡಿರುವುದೂ ನಿಜ.

ಅದಕ್ಕಿಂತ ದೊಡ್ಡ ನಷ್ಟವೊಂದು ಆ ಕಾರ್ಯದ ವರದಿಗಳ ಅಂಚಿನಲ್ಲಿ ಮಾತ್ರ ಕಾಣಬರುವುದು. ಎರಡೂ ದೇಶಗಳಿಂದ ಒಟ್ಟು ಒಂದು ಲಕ್ಷದಷ್ಟು ನೂಬಿಯನ್ನರು ಮನೆಮಠಗಳನ್ನು ತೊರೆದು, ಈಜಿಪ್ಟಿನವರು ಕೋಮ್ ಒಂಬೋ ಬಯಲಿಗೂ ಸುಡಾನಿನ ವಾದಿ ಹಾಲ್ಫಾದವರು ನೂರಾರು ಮೈಲಿ ದೂರದ ಖಶ್ಮ್ ಎಲ್ ಗಿರ್ಬಾಕ್ಕೂ ಹೋದರು. ಮಣ್ಣಿನ ಗೋಡೆಗಳ ಮೇಲೆ ಚಿತ್ತಾರ ಬರೆದು, ಬಾಗಿಲ ಸುತ್ತ ಪಿಂಗಾಣಿ ತಟ್ಟೆಗಳನ್ನು ಹುದುಗಿಸಿ ಸಿಂಗರಿಸುತ್ತಿದ್ದ ಅವರ ಮನೆಗಳು ನೀರಿನಡಿಗೆ ಸಂದುವು. ರಾಮ್ಸೆಸನ ವಿಗ್ರಹಕ್ಕೆ ಐವತ್ತು ಸರ್ಕಾರಗಳ ಬೊಕ್ಕಸಗಳು ತೆರೆದುವು. ಆ ತಟ್ಟೆಗಳಿಗಾಗಿ ಯಾವ ಸರ್ಕಾರವೂ ಅಂತಹ ಕರೆಯನ್ನು ಕೊಡಲಿಲ್ಲ. ಬದುಕಿರುವ ಜನರ ಸಂಸ್ಕೃತಿಯು ಅಂದಿನ 'ಪರಂಪರೆ'ಯ ಕಲ್ಪನೆಯೊಳಗೆ ಸೇರಿರಲಿಲ್ಲವೆಂಬುದು ವಿವರಣೆಯಾದೀತು, ಸಮಾಧಾನವಾಗದು.

ಭಾರತವೂ ಈ ಕಾರ್ಯದಲ್ಲಿ ಭಾಗಿಯಾಗಿತ್ತು: ಬಿ. ಬಿ. ಲಾಲ್ ಅವರ ನೇತೃತ್ವದಲ್ಲಿ ನಮ್ಮ ಪುರಾತತ್ತ್ವ ಇಲಾಖೆಯ ತಂಡವೊಂದು ನೂಬಿಯಾಕ್ಕೆ ಹೋಗಿ ಉತ್ಖನನ ನಡೆಸಿತು. ಸರಿಸುಮಾರು ಅದೇ ಕಾಲದಲ್ಲಿ ಕೃಷ್ಣೆಯ ದಡದ ನಾಗಾರ್ಜುನಕೊಂಡವು ಅಣೆಕಟ್ಟಿನ ಹಿನ್ನೀರಿನ ಪಾಲಾಗುವ ಮುನ್ನ ಅದನ್ನು ಅಗೆದು ಶೋಧಿಸಿ, ಮುಖ್ಯವಾದ ಅವಶೇಷಗಳನ್ನು ಬೆಟ್ಟದ ಮೇಲೆ ಪುನಃ ನಿಲ್ಲಿಸಿದ ಅನುಭವವು ನಮ್ಮವರಿಗಿದ್ದಿತೆಂಬುದನ್ನು ಸ್ಮರಿಸತಕ್ಕದ್ದು. ಅದಕ್ಕೆ ಜಗತ್ತಿನ ಹಣವೂ ಬರಲಿಲ್ಲ, ಜಗತ್ತಿನ ಕಣ್ಣೂ ಬೀಳಲಿಲ್ಲ.

ನೂಬಿಯಾದ ಉತ್ಸಾಹವು ಆರುವ ಮುನ್ನವೇ 1972ರ ಒಡಂಬಡಿಕೆಯು ರೂಪುಗೊಂಡು, ಅದರೊಡನೆ ವಿಶ್ವಪರಂಪರೆಯ ನಿಧಿಯೆಂಬುದು ಹುಟ್ಟಿತು. ಆ ನಿಧಿಯ ಹಿಂದಿನ ವಿಚಾರವು ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯುತ್ತಮ ಅಂಶ: ಕೊಡುಗೆಯು ದಾತೃವಿನ ಮನಬಂದಂತೆ ಬರತಕ್ಕದ್ದಲ್ಲ, ಪ್ರತಿಯೊಂದು ರಾಜ್ಯವೂ ಯುನೆಸ್ಕೋಗೆ ತೆರುವ ವಂತಿಗೆಯ ಶೇಕಡ 1ರಷ್ಟನ್ನು ಕರ್ತವ್ಯವೆಂದು ಕೊಡತಕ್ಕದ್ದು. ಬಡ ರಾಷ್ಟ್ರವೂ ತನ್ನ ಶಕ್ತ್ಯನುಸಾರ ಕೊಟ್ಟು, ಸಿರಿವಂತ ರಾಷ್ಟ್ರದ ಪಕ್ಕದಲ್ಲಿ ತಲೆಯೆತ್ತಿ ಕುಳಿತುಕೊಳ್ಳಬಹುದಾದ ಪಂಕ್ತಿ ಇದು. ಆದರೆ ಅದರ ಗಾತ್ರವನ್ನು ನೋಡಿದರೆ ಖೇದವಾಗುತ್ತದೆ. ಈ ವಂತಿಗೆಯಿಂದ ಬರುವುದು ವರ್ಷಕ್ಕೆ 30 ಲಕ್ಷ ಡಾಲರಿನ ಆಸುಪಾಸು. 2025ರಲ್ಲಿ ವಿಶ್ವಪರಂಪರೆಯ ಪಟ್ಟಿಯಲ್ಲಿದ್ದ ತಾಣಗಳು 1248. ಸಮನಾಗಿ ಹಂಚಿದರೆ ತಾಣವೊಂದಕ್ಕೆ 2,500 ಡಾಲರ್ ಕೂಡ ಬೀಳದು. ಅದರಲ್ಲಿಯೂ ದೊಡ್ಡ ಭಾಗವು ಹೊಸ ಅರ್ಜಿಗಳನ್ನು ಪರಿಶೀಲಿಸುವ ತಜ್ಞಸಂಸ್ಥೆಗಳ ಕೆಲಸಕ್ಕೇ ಸಂದುಹೋಗುತ್ತದೆ. ಪಟ್ಟಿಯಲ್ಲಿ ಸೇರುವುದಕ್ಕೆ ಸರ್ಕಾರಗಳಿಗಿರುವ ಆತುರದಲ್ಲಿ ಹತ್ತನೆಯ ಒಂದು ಪಾಲು, ಸೇರಿದ ಮೇಲೆ ಕಾಪಾಡುವುದರಲ್ಲಿ ಇದ್ದಿದ್ದರೆ ನಿಧಿಯು ಈ ದುಃಸ್ಥಿತಿಗೆ ಬರುತ್ತಿರಲಿಲ್ಲ. ಒಡಂಬಡಿಕೆಯನ್ನು ಎಲ್ಲರಿಗಿಂತ ಮೊದಲು 1973ರಲ್ಲಿ ಅಂಗೀಕರಿಸಿದ ಅಮೆರಿಕೆಯೇ, ಪ್ಯಾಲೆಸ್ಟೈನನ್ನು ಯುನೆಸ್ಕೋ ಸದಸ್ಯನನ್ನಾಗಿ ಸೇರಿಸಿಕೊಂಡ 2011ರಿಂದ ಆ ಸಂಸ್ಥೆಗೆ ವಂತಿಗೆ ನಿಲ್ಲಿಸಿ, ಬಳಿಕ ಹೊರಹೋಗಿ, 2023ರಲ್ಲಿ ಮರಳಿ, 2025ರಲ್ಲಿ ಪುನಃ ಹೊರಡುವುದಾಗಿ ಘೋಷಿಸಿದೆ.

ಬಲವಾದ ಸರ್ಕಾರಗಳು ಸಾಮಾನ್ಯ ನಿಧಿಗಿಂತ ತಮ್ಮ ಧ್ವಜವು ಹಾರುವ ಸ್ವತಂತ್ರ ಯೋಜನೆಗಳನ್ನೇ ಬಯಸುತ್ತವೆ. ಇದರ ಗುಣದೋಷಗಳೆರಡನ್ನೂ ತೂಗಿ ನೋಡಲು ಕಾಂಬೋಡಿಯದ ಅಂಗ್ಕೋರಿಗಿಂತ ತಕ್ಕ ಸ್ಥಳವಿಲ್ಲ. ಅಲ್ಲಿಯ ಬಾಫುವೋನ್ ದೇವಾಲಯದ ಸುಮಾರು ಮೂರು ಲಕ್ಷ ಕಲ್ಲುಗಳನ್ನು ಫ್ರೆಂಚರು ಬಿಚ್ಚಿ ಸುತ್ತಲೂ ಹರಡಿದ್ದ ಸಮಯದಲ್ಲಿ ಅಂತರ್ಯುದ್ಧವು ಬಂದು ಕೆಲಸ ನಿಂತಿತು. ಕಲ್ಲುಗಳ ಸ್ಥಾನವನ್ನು ಸೂಚಿಸುವ ಕಡತಗಳು ಖ್ಮೇರ್ ರೂಜ್ ಆಳ್ವಿಕೆಯ ಕಾಲಕ್ಕೆ ನಾಶವಾದುವು. 1995ರಲ್ಲಿ ಫ್ರಾನ್ಸು ಮತ್ತೆ ಹಣವೊದಗಿಸಿ, ಒಂದೊಂದು ಕಲ್ಲನ್ನೂ ಅಳೆದು ಹೊಂದಿಸಿ, 2011ರಲ್ಲಿ ಅದನ್ನು ಮುಗಿಸಿತು. ಒಮ್ಮೆ ಕೈಹಾಕಿದ ಸರ್ಕಾರವು ಅರ್ಧ ಶತಮಾನದ ತರುವಾಯವೂ ಕೈಬಿಡಲಿಲ್ಲವೆಂಬುದು ನಿಸ್ಸಂಶಯವಾಗಿ ಶ್ಲಾಘ್ಯ.

ಅಂಗ್ಕೋರಿನಲ್ಲಿ ಭಾರತ ಮಾಡಿದ ಕೆಲಸವು ಅದಕ್ಕೂ ಹೆಚ್ಚಿನ ಧೈರ್ಯವನ್ನು ಬೇಡಿತ್ತು. ಕಾಂಬೋಡಿಯದ ರಾಜಧಾನಿಯಾದ ಫ್ನೋಂ ಪೆನ್ನಿನಲ್ಲಿ 1980ರ ದಶಕದಲ್ಲಿದ್ದ ಸರ್ಕಾರವನ್ನು ಪಾಶ್ಚಾತ್ಯ ರಾಷ್ಟ್ರಗಳು ಮಾನ್ಯಮಾಡಿರಲಿಲ್ಲವಾಗಿ ಅವರ ಹಣವು ಅಲ್ಲಿಗೆ ಬರುವಂತಿರಲಿಲ್ಲ. ಮಳೆಗೂ ಬೇರುಗಳಿಗೂ ರಾಜತಾಂತ್ರಿಕ ಮಾನ್ಯತೆಯ ಗೊಡವೆಯಿಲ್ಲದುದರಿಂದ ಅಂಗ್ಕೋರ್ ವಾಟ್ ದೇವಾಲಯವು ಶಿಥಿಲವಾಗುತ್ತಲೇ ಇತ್ತು. 1980ರಲ್ಲಿಯೇ ಆ ಸರ್ಕಾರವನ್ನು ಮಾನ್ಯಮಾಡಿದ್ದ ಭಾರತವು 1986ರಿಂದ 1993ರವರೆಗೆ, ನೆಲಬಾಂಬುಗಳ ನಡುವೆ, ತನ್ನ ಪುರಾತತ್ತ್ವ ಇಲಾಖೆಯವರನ್ನು ಅಲ್ಲಿಗೆ ಕಳುಹಿಸಿತು. ಅವರು ಸಮುದ್ರಮಥನದ ಉಬ್ಬುಶಿಲ್ಪವಿರುವ ಮೊಗಸಾಲೆಯನ್ನು ಮತ್ತೆ ಕೂಡಿಸಿ ನಿಲ್ಲಿಸಿದರು. ಹಾವಸೆ ಹಿಡಿದ ಗೋಡೆಗಳನ್ನು ಅಮೋನಿಯಾ ಬೆರೆಸಿದ ನೀರಿನಿಂದ ತೊಳೆಸಿದರು. ಈ ರಾಸಾಯನಿಕ ತೊಳೆತದಿಂದಲೂ ಸಿಮೆಂಟಿನ ಬಳಕೆಯಿಂದಲೂ ಶಿಲೆಯ ಮೇಲ್ಮೈಗೆ ಹಾನಿಯಾಯಿತೆಂಬ ಕಠಿಣ ಟೀಕೆಯು ಅನ್ಯದೇಶದ ತಜ್ಞರಿಂದ ಬಂದಿತು. ಟೀಕಿಸಿದವರಲ್ಲಿ ಅನೇಕರ ಸರ್ಕಾರಗಳು ಆ ವೇಳೆಗೆ ಕೈಕಟ್ಟಿ ಕುಳಿತಿದ್ದುವೆಂಬುದು ಸತ್ಯವಾದರೂ, ಟೀಕೆಯ ಸಾರವನ್ನು ನಾವು ಅಲ್ಲಗಳೆಯಲಾಗದು. ಏಕಾಂಗಿಯಾಗಿ ಮಾಡುವ ದಾನದಲ್ಲಿ ತಿದ್ದುವವರಿರುವುದಿಲ್ಲ, ದೋಷವು ಅಲ್ಲಿಯೇ ಇದೆ. 1993ರಲ್ಲಿ ಫ್ರಾನ್ಸ್ ಮತ್ತು ಜಪಾನ್‌ಗಳ ಸಹಾಧ್ಯಕ್ಷತೆಯಲ್ಲಿ ಅಂಗ್ಕೋರಿಗೆ ಅಂತಾರಾಷ್ಟ್ರೀಯ ಸಮನ್ವಯ ಸಮಿತಿ ಏರ್ಪಟ್ಟು, ಯಾವ ದೇಶದ ತಂಡವಾದರೂ ತನ್ನ ವಿಧಾನವನ್ನು ಸಮಾನಸ್ಕಂಧರ ಮುಂದಿಟ್ಟು ಸಮರ್ಥಿಸಿಕೊಳ್ಳಬೇಕೆಂಬ ನಿಯಮ ಬಂದಿತು. ಮುಂದೆ ತಾ ಪ್ರೋಮ್ ದೇವಾಲಯದಲ್ಲಿ, ಗೋಡೆಗಳನ್ನು ಅಪ್ಪಿ ಬೆಳೆದಿರುವ ಹೆಮ್ಮರಗಳನ್ನು ಕಡಿಯದೆಯೇ ಕಟ್ಟಡಕ್ಕೆ ಆಸರೆ ಕೊಟ್ಟ ನಮ್ಮವರ ಕೆಲಸವು ಹಿಂದಿನದಕ್ಕಿಂತ ಎಷ್ಟೋ ಪ್ರೌಢವಾದುದಕ್ಕೆ ಆ ನಿಯಮವೇ ಬಹುಮಟ್ಟಿಗೆ ಕಾರಣವೆಂದು ನನ್ನ ಅಭಿಪ್ರಾಯ.

ಪ್ರಕೃತಿಯ ವಿಷಯಕ್ಕೆ ಬಂದರೆ ಹಣದ ಕುರುಡು ಇನ್ನೂ ಸ್ಪಷ್ಟ. ಗುಡಿಯನ್ನು ಎತ್ತಿ ನಿಲ್ಲಿಸಿದರೆ ಉದ್ಘಾಟನೆಯ ದಿನವೆಂಬುದೊಂದು ಇರುತ್ತದೆ. ಕಾಡನ್ನು ಕಾಯುವುದಕ್ಕೆ ಅಂಥ ದಿನವಿಲ್ಲ, ಪ್ರತಿ ತಿಂಗಳೂ ಕಾವಲುಗಾರನಿಗೆ ಸಂಬಳ ಬಟವಾಡೆಯಾಗಬೇಕು, ಅಷ್ಟೇ. ಕಾಂಗೋದ ಯುದ್ಧಕಾಲದಲ್ಲಿ ಅಲ್ಲಿಯ ಐದು ವಿಶ್ವಪರಂಪರೆಯ ಅರಣ್ಯಗಳ ಕಾವಲುಗಾರರಿಗೆ ಸ್ವದೇಶದ ಸರ್ಕಾರದಿಂದ ಸಂಬಳ ತಲುಪದೆ ಹೋದಾಗ, 2000ದ ಸುಮಾರಿನಲ್ಲಿ ಯುನೆಸ್ಕೋ ಮೂಲಕ ಅವರ ಕೈಗೆ ನೇರವಾಗಿ ಭತ್ಯೆ ಕೊಡುವ ಏರ್ಪಾಡೊಂದು ನಡೆಯಿತು. ಅದಕ್ಕೆ ಮೊದಲ ಹಣ ಬಂದದ್ದು ಸರ್ಕಾರಗಳಿಂದಲ್ಲ, ಖಾಸಗಿ ದಾನದಿಂದ ಸ್ಥಾಪಿತವಾದ ಪ್ರತಿಷ್ಠಾನದಿಂದ. ಆದರೂ ಗರಂಬಾ ಅರಣ್ಯದಲ್ಲಿ, 1984ರಲ್ಲಿ ಹದಿನೈದಕ್ಕೆ ಇಳಿದು ಪುನಃ ಮೂವತ್ತರವರೆಗೆ ಏರಿದ್ದ ಉತ್ತರದ ಬಿಳಿ ಘೇಂಡಾಮೃಗಗಳು ಶಸ್ತ್ರಸಜ್ಜಿತ ಬೇಟೆಗಾರರಿಗೆ ಬಲಿಯಾಗಿ ನಿರ್ಮೂಲವಾದುವು. ಅಬು ಸಿಂಬೆಲ್ಲಿಗೆ ವೆಚ್ಚವಾದ ಸುಮಾರು 4 ಕೋಟಿ ಡಾಲರಿನ ಚಿಕ್ಕದೊಂದು ಅಂಶವು ಸಕಾಲದಲ್ಲಿ, ಎಡೆಬಿಡದೆ, ಆ ಕಾವಲುಗಾರರಿಗೆ ಸಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸದೆ ಇರಲು ನನ್ನಿಂದಾಗದು.

ಹೊರಗಿನ ಹಣವು ಎಲ್ಲ ರೋಗಕ್ಕೂ ಮದ್ದೆಂದು ಇದರಿಂದ ತಿಳಿಯಬಾರದು. ನಮ್ಮ ಹಂಪೆಯು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿದ್ದು ಹಣದ ಅಭಾವದಿಂದಲ್ಲ. ತುಂಗಭದ್ರೆಗೆ ಅಡ್ಡವಾಗಿ ಆನೆಗೊಂದಿಯ ಕಡೆಗೆ ನಾವೇ ಕಟ್ಟಲು ಹೊರಟ ಸೇತುವೆಯೇ ಮುಖ್ಯ ಕಾರಣ. 2006ರಲ್ಲಿ ಹಂಪೆ ಆ ಪಟ್ಟಿಯಿಂದ ಹೊರಬಂದಿತು. 2009ರಲ್ಲಿ ಆ ಸೇತುವೆಯು ಅರೆಕೆಲಸದಲ್ಲಿಯೇ ಕುಸಿದು ಕೂಲಿಕಾರರ ಪ್ರಾಣವನ್ನು ತೆಗೆದುಕೊಂಡಿತು. ಆಸ್ವಾನಿನಲ್ಲಿಯೂ ಗುಡಿಗಳಿಗೆ ಅಪಾಯ ತಂದದ್ದು ಸರ್ಕಾರದ್ದೇ ಕಾಮಗಾರಿ. ಸ್ವಂತ ನೆಲದ ಪರಂಪರೆಯನ್ನು ಸ್ವಂತ ಶಕ್ತಿಯನ್ನೆಲ್ಲ ವಿನಿಯೋಗಿಸಿ ಕಾಪಾಡುವುದು ಆಯಾ ರಾಜ್ಯದ ಮೊದಲ ಹೊಣೆಯೆಂದು ಒಡಂಬಡಿಕೆಯೂ ಸ್ಪಷ್ಟವಾಗಿ ಹೇಳುತ್ತದೆ.

2024ರ ಜುಲೈ ತಿಂಗಳಿನಲ್ಲಿ ವಿಶ್ವಪರಂಪರೆಯ ಸಮಿತಿಯ 46ನೆಯ ಅಧಿವೇಶನವು ದೆಹಲಿಯಲ್ಲಿ ಸೇರಿದ್ದಾಗ, ನಮ್ಮ ಪ್ರಧಾನಮಂತ್ರಿಗಳು ಯುನೆಸ್ಕೋ ವಿಶ್ವಪರಂಪರೆಯ ಕೇಂದ್ರಕ್ಕೆ ಭಾರತದಿಂದ 10 ಲಕ್ಷ ಡಾಲರುಗಳ ಕೊಡುಗೆಯನ್ನು ಘೋಷಿಸಿದರು. ಇಡೀ ನಿಧಿಗೆ ಬರುವ ಕಡ್ಡಾಯ ವಂತಿಗೆಯ ಮೂರನೆಯ ಒಂದಂಶದಷ್ಟಾಗುವ ಈ ಮೊತ್ತವನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇನೆ. ಅದು ಒಂದು ಅಧಿವೇಶನದ ಕಾಣಿಕೆಯಾಗಿ ಮುಗಿಯದೆ ಪ್ರತಿವರ್ಷದ ಆಯವ್ಯಯದಲ್ಲಿ ಸ್ಥಾನವನ್ನು ಪಡೆಯಲಿ. ನಮ್ಮ ಹೆಸರಿನ ಫಲಕವನ್ನು ಬಯಸದೆ, ಆಫ್ರಿಕದ ಅರಣ್ಯಪಾಲಕರ ಸಂಬಳಕ್ಕೂ ಏಷ್ಯದ ಗುಡಿಗಳ ಮಾಡು ಸೋರದಂತೆ ನೋಡಿಕೊಳ್ಳುವ ದಿನನಿತ್ಯದ ಕೆಲಸಕ್ಕೂ ಮೊದಲು ಸಲ್ಲಲಿ. ಖರ್ಚಿನ ವಿವರವು ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರಲಿ. ತೆರಿಗೆ ಕೊಡುವ ನಾವು ಆ ವಿವರವನ್ನು ನಮ್ಮ ಪ್ರತಿನಿಧಿಗಳಿಂದ ಕೇಳಿ ಪಡೆಯೋಣ.