‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ – ಕಸಬನ್ನು ಕಲಿಸುವ ಪುಸ್ತಕ, ಲೆಕ್ಕಕ್ಕೆ ಬಾರದ ವೇಳೆ

ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟಿತು ಎಂದ ಮಾತ್ರಕ್ಕೆ, ಬರೆದವರಿಗೆ ಅದು ಅರ್ಥವಾಗಿದೆ ಎನ್ನಬಹುದೆ? ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಈ ಪ್ರಶ್ನೆ ನಿಮಗೂ ಎದುರಾಗಿರಬಹುದು. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರಲ್ಲಿ ಪ್ರಕಟಿಸಿದ ಈ ಇಂಗ್ಲಿಷ್ ಪುಸ್ತಕದ ಉತ್ತರ: ಇಲ್ಲ. ಏಕೆ ನಡೆಯುತ್ತಿದೆ ಎಂದು ತಿಳಿಯದೆ ಪ್ರೋಗ್ರಾಂ ಬರೆಯುತ್ತ ಹೋಗುವುದನ್ನು ಲೇಖಕರು ಕಾಕತಾಳೀಯ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಅಂಥದ್ದು ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹುಡುಕುವುದೂ ಕಷ್ಟ, ಏಕೆಂದರೆ ಅದು ಏಕೆ ನಡೆಯುತ್ತಿತ್ತು ಎಂಬುದೇ ಗೊತ್ತಿರಲಿಲ್ಲ.

ತಪ್ಪು ಸಿಗದಿದ್ದಾಗ ಪ್ರೋಗ್ರಾಮನ್ನು ಸಾಲುಸಾಲಾಗಿ ಇನ್ನೊಬ್ಬರಿಗೆ ವಿವರಿಸಿ, ಯಾರೂ ಇಲ್ಲದಿದ್ದರೆ ರಬ್ಬರ್ ಬಾತುಕೋಳಿಗಾದರೂ ಹೇಳಿ ಎಂಬ ಸಲಹೆ ಇಲ್ಲಿದೆ. ಪಾಠ ಹೇಳುವಾಗಲೇ ತಮ್ಮ ಸಂದೇಹ ಬಯಲಾಗುವ ಅನುಭವವಿರುವ ಅಧ್ಯಾಪಕರಿಗೆ ಇದು ಹೊಸತಲ್ಲ.

ಪುಸ್ತಕದ ದೊಡ್ಡ ಗುಣ ತಿದ್ದಿಕೊಳ್ಳುವ ಪ್ರಾಮಾಣಿಕತೆ. ಒಂದೇ ವಿಷಯವನ್ನು ಎರಡು ಕಡೆ ಬರೆಯಬಾರದು ಎಂಬ ಇದರ ಸೂತ್ರ ಪ್ರಸಿದ್ಧವಾಯಿತು. ಆದರೆ ಹಲವರು ಅದನ್ನು ‘ಒಂದೇ ತೆರನ ಸಾಲುಗಳು ಇರಕೂಡದು’ ಎಂದಷ್ಟೇ ತಿಳಿದರು. ವಯಸ್ಸನ್ನೂ ವಸ್ತುಗಳ ಸಂಖ್ಯೆಯನ್ನೂ ಪರೀಕ್ಷಿಸುವ ಸಾಲುಗಳು ಇಂದು ಒಂದೇ ರೀತಿ ಇದ್ದರೂ ಅವುಗಳ ನಿಯಮಗಳು ಬೇರೆ. 2019ರ ಎರಡನೆಯ ಆವೃತ್ತಿಯಲ್ಲಿ ಲೇಖಕರು ತಮ್ಮ ವಿವರಣೆ ಸಾಲದಾಗಿತ್ತೆಂದು ಒಪ್ಪಿ, ಪುನರಾವೃತ್ತಿ ಆಗಬಾರದ್ದು ಜ್ಞಾನ ಎಂದು ಸ್ಪಷ್ಟಪಡಿಸಿದರು.

ನನ್ನ ಆಕ್ಷೇಪ ಇರುವುದು ವೃತ್ತಿಯ ಬೆಳವಣಿಗೆ ಕುರಿತ ಭಾಗಕ್ಕೆ. ಕಲಿಕೆಯನ್ನು ಲೇಖಕರು ಹಣ ಹೂಡಿಕೆಗೆ ಹೋಲಿಸುತ್ತಾರೆ: ನಿಯಮಿತವಾಗಿ ಹೂಡಿ, ಹಲವು ಕಡೆ ಹಂಚಿ. ವರ್ಷಕ್ಕೊಂದು ಹೊಸ ಭಾಷೆ ಕಲಿಯಿರಿ ಎನ್ನುತ್ತಾರೆ. ಮೊದಲ ಆವೃತ್ತಿಯಲ್ಲಿ ಮೂರು ತಿಂಗಳಿಗೊಂದು ತಾಂತ್ರಿಕ ಪುಸ್ತಕ ಓದಬೇಕಿತ್ತು; ಎರಡನೆಯದರಲ್ಲಿ ತಿಂಗಳಿಗೊಂದು. ವರ್ಷಕ್ಕೆ 4 ಇದ್ದದ್ದು 12 ಆಯಿತು! ಹೂಡಲು ಬಂಡವಾಳ ಬೇಕು; ಇಲ್ಲಿ ಬಂಡವಾಳವೆಂದರೆ ವೇಳೆ. ದಿನವಿಡೀ ದುಡಿದು, ಸಂಜೆ ಮನೆಗೆಲಸವನ್ನೂ ಹೊರುವವರಿಗೆ ಆ ಬಂಡವಾಳ ಎಲ್ಲಿಂದ ಬರಬೇಕು? ಕಲಿಕೆಯ ಹೊಣೆಯೆಲ್ಲ ದುಡಿಯುವವರದ್ದೇ ಆದರೆ, ಆ ಕಲಿಕೆಯಿಂದ ಲಾಭ ಪಡೆಯುವ ಸಂಸ್ಥೆಯ ಪಾಲೇನು? ಈ ಲೆಕ್ಕವನ್ನು ಪುಸ್ತಕ ಸಾಕಷ್ಟು ಬಿಡಿಸುವುದಿಲ್ಲ.

ಎಣಿಕೆಗೂ ಮಿತಿಯಿದೆ. ಜಾವಾ ಬಲ್ಲವರು ಸಿ ಶಾರ್ಪ್ ಕಲಿತರೆ ಯೋಚನೆಯ ಕ್ರಮ ಹೆಚ್ಚೇನೂ ಬದಲಾಗದು. ಪ್ರೊಲಾಗ್ ಕಲಿತರೆ ಸಮಸ್ಯೆಯನ್ನೇ ಬೇರೆ ರೀತಿ ನೋಡಬೇಕಾಗುತ್ತದೆ. ಬೇರೆ ಭಾಷೆ ಬೇರೆ ದಾರಿ ತೋರಿಸುತ್ತದೆ ಎಂಬುದೇ ಲೇಖಕರ ಸಮರ್ಥನೆ. ‘ವರ್ಷಕ್ಕೊಂದು’ ಎಂಬ ಸಂಖ್ಯೆ ಆ ಉದ್ದೇಶವನ್ನು ಮರೆಸಬಾರದು.

ವಿದ್ಯಾರ್ಥಿಗಳೇ, ಈ ಪುಸ್ತಕವನ್ನು ಓದಿ. ಆದರೆ ಪಟ್ಟಿ ಮುಗಿಸಲಾಗದಿದ್ದರೆ ಹಿಂದುಳಿದೆವೆಂದು ಕುಗ್ಗಬೇಡಿ. ಅಧ್ಯಾಪಕರು ಒಂದು ಪ್ರಯೋಗ ಮಾಡಬಹುದು. ಸರಿಯಾಗಿ ನಡೆಯುವ ಪ್ರೋಗ್ರಾಮಿನ ಒಂದು ಸಾಲನ್ನು ಬದಲಿಸಿ, ಫಲಿತಾಂಶ ಏನಾಗುವುದೆಂದು ಮೊದಲೇ ಬರೆಯಲು ಹೇಳಿ, ಆಮೇಲೆ ನಡೆಸಿ ನೋಡಿ. ಯಾರಿಗೆ ಅರ್ಥವಾಗಿದೆ, ಯಾರದು ಕಾಕತಾಳೀಯ ಎಂಬುದು ಅಲ್ಲಿಯೇ ತಿಳಿಯುತ್ತದೆ.