ಗಾಣದ ಸುತ್ತಲ್ಲ, ಲೇತಿನ ಸುತ್ತು

ಚೆನ್ನೈಯ ಅಂಬತ್ತೂರು ಕೈಗಾರಿಕಾ ಎಸ್ಟೇಟಿನ ಒಂದು ಲೇತ್ ಶಾಪು. ಊಟದ ಬಿಡುವಿನಲ್ಲಿ ಫೋನು ಹಿಡಿದು ಅಮೆರಿಕದ ಹಳೆಯ ರೇಸೊಂದನ್ನು ನೋಡುತ್ತ ಕೂತಿದ್ದೆ. ಕೋಲಾರದ ಕಡೆಯಿಂದ ಬಂದು ಮೂವತ್ತು ವರ್ಷ ಮಷೀನಿನ ಮುಂದೆ ನಿಂತಿರುವ ಹಿರಿಯ ಟರ್ನರೊಬ್ಬರು ಬಗ್ಗಿ ಇಣುಕಿದರು. ಎರಡು ನಿಮಿಷ ನೋಡಿ, "ಏನ್ ಸಾರ್ ಇದು, ಗಾಣದೆತ್ತು ಸುತ್ತಿದಂಗೆ ಸುತ್ತಾವೆ. ಅದೂ ಅಪ್ರದಕ್ಷಿಣೆ!" ಅಂದರು.

ಅಂಡಾಕಾರದ ಟ್ರ್ಯಾಕಿನಲ್ಲಿ ಓಡುವ ಸ್ಟಾಕ್ ಕಾರುಗಳ ಮೇಲಿನ ದೂರೆಲ್ಲ ಆ ಒಂದು ಮಾತಿನಲ್ಲಿ ಬಂದುಬಿಟ್ಟಿತು. ಫಾರ್ಮುಲಾ ಒನ್ ನೋಡಿ ಪಳಗಿದವರೂ ಇದನ್ನೇ ಕೇಳುತ್ತಾರೆ: ಬರೀ ಎಡಕ್ಕೆ ತಿರುಗಿಸುವುದರಲ್ಲಿ ಏನು ಜಾಣ್ಮೆ? ನನ್ನ ಮಟ್ಟಿಗೆ ಈ ಆಟವನ್ನು ರಸ್ತೆಯ ಕಣ್ಣಿನಿಂದ ನೋಡುವುದೇ ತಪ್ಪು. ಇದು ಕಾರ್ಖಾನೆಯ ಆಟ. ಒಂದೇ ಕೆಲಸವನ್ನು ನೂರಾರು ಸಲ ಮಾಡುವಾಗ ಕೂದಲೆಳೆಯಷ್ಟು ವ್ಯತ್ಯಾಸವನ್ನು ಹಿಡಿಯುವವರ ಆಟ.

ನಾವು ನೋಡುತ್ತಿದ್ದದ್ದು 2010ರ ಮಾರ್ಚ್ 27ರಂದು ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ ನಡೆದ ಸ್ಟಾಕ್ ಕಾರ್ ಓಟ ನಡೆಸುವ ನಾಸ್ಕರ್ ಸಂಸ್ಥೆಯ ಟ್ರಕ್ ಸರಣಿಯ ಓಟ. ಹೆಸರು ಟ್ರಕ್, ಮೈ ಪಿಕಪ್ಪಿನದು, ಒಳಗೆ ಸ್ಟಾಕ್ ಕಾರಿನ ತಮ್ಮ. ಅದರಲ್ಲೊಂದನ್ನು ಓಡಿಸುತ್ತಿದ್ದವರು ಚೆನ್ನೈಯಲ್ಲಿ ಹುಟ್ಟಿ ಕೊಯಮತ್ತೂರಿನಲ್ಲಿ ಬೆಳೆದ ನಾರಾಯಣ್ ಕಾರ್ತಿಕೇಯನ್. ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ, ಇಲ್ಲಿ ಹೊಸಬ. ಟ್ರ್ಯಾಕಿನ ಸುತ್ತಳತೆ 850 ಮೀಟರಿಗೂ ಕಡಿಮೆ, ಆಕಾರ ಕಾಗದಕ್ಕೆ ಹಾಕುವ ಕ್ಲಿಪ್ಪಿನದು: ಎರಡು ಉದ್ದ ನೇರ, ಎರಡು ಬಿಗಿ ತಿರುವು. ಸುತ್ತಿಗೆ 20 ಸೆಕೆಂಡಿನ ಆಸುಪಾಸು, ಒಟ್ಟು 250 ಸುತ್ತು. ಕಾರ್ತಿಕೇಯನ್ 13ನೆಯವರಾಗಿ ಮುಗಿಸಿದರು.

ಅಷ್ಟರಲ್ಲಿ ಕಾಫಿ ಬಂತು. ಕುಡಿದಿಟ್ಟ ಸ್ಟೀಲ್ ಲೋಟವನ್ನು ಬೆಂಚಿನ ಮೇಲೆ ಅಡ್ಡ ಮಲಗಿಸಿ ಮೆಲ್ಲಗೆ ತಳ್ಳಿದೆ. ಬಾಯಿ ಅಗಲ, ತಳ ಕಿರಿದು. ಲೋಟ ತಾನಾಗಿಯೇ ಸುತ್ತು ಹೊಡೆಯಿತು. "ಅಣ್ಣಾ, ಅವರ ಗಾಡಿಯ ಹಿಂದಿನ ಚಕ್ರಗಳೂ ಹೀಗೇ. ಬಲಗಡೆ ಟಯರಿನ ಸುತ್ತಳತೆ ಎಡಗಡೆಯದಕ್ಕಿಂತ ಒಂಚೂರು ಜಾಸ್ತಿ ಇಡ್ತಾರೆ. ಎರಡೂ ಚಕ್ರ ಒಂದೇ ಆಕ್ಸಲಿಗೆ ಬಿಗಿದು ಒಟ್ಟಿಗೆ ತಿರುಗೋದ್ರಿಂದ ಗಾಡಿ ತಾನೇ ಎಡಕ್ಕೆ ವಾಲುತ್ತೆ." ಅವರ ಕಣ್ಣು ಸಣ್ಣಗಾಯಿತು. "ಓಹೋ, ಟೇಪರ್ ಕೊಟ್ಟವ್ರೆ!"

ಟೇಪರ್ ಅರ್ಥವಾದವರಿಗೆ ಉಳಿದದ್ದನ್ನು ಹೇಳುವುದು ಕಷ್ಟವಲ್ಲ. ತಿರುವಿನಲ್ಲಿ ನೆರವಾಗುವ ಈ ಏರ್ಪಾಡು ನೇರದಲ್ಲಿ ಕಾಟ ಕೊಡುತ್ತದೆ. ಅಲ್ಲಿ ಗಾಡಿಯನ್ನು ಬಲಕ್ಕೆ ಎಳೆದು ಹಿಡಿಯಬೇಕು. ಸುತ್ತು ಕಳೆದಂತೆ ಟಯರು ಕಾದು ಸವೆಯುತ್ತದೆ, ಟ್ಯಾಂಕು ಹಗುರವಾಗುತ್ತದೆ. ಆಗ ಚಾಲಕ ರೇಡಿಯೋದಲ್ಲಿ ಹೇಳುವುದು ಎರಡೇ ಪದ: 'ಟೈಟ್' ಅಂದರೆ ಮೂತಿ ತಿರುಗುತ್ತಿಲ್ಲ, 'ಲೂಸ್' ಅಂದರೆ ಬಾಲ ಜಾರುತ್ತಿದೆ. ಪಿಟ್ಟಿಗೆ ಬಂದಾಗ ಮೆಕ್ಯಾನಿಕ್ ಉದ್ದನೆಯ ಸ್ಪ್ಯಾನರನ್ನು ಹಿಂಗಾಜಿನ ತೂತಿನಲ್ಲಿ ತೂರಿಸಿ ಅರ್ಧ ಸುತ್ತು ತಿರುವುತ್ತಾನೆ. ಸ್ಪ್ರಿಂಗಿನ ಮೇಲಿನ ಒತ್ತಡ ಬದಲಾಗಿ, ನಾಲ್ಕು ಚಕ್ರಗಳ ನಡುವೆ ಮೂಲೆಯಿಂದ ಮೂಲೆಗೆ ಭಾರ ಸರಿಯುತ್ತದೆ. ಅರ್ಧ ಸುತ್ತಿನ ಆ ಬೋಲ್ಟು ಹತ್ತು ಸ್ಥಾನ ತರಲೂಬಹುದು, ಕಳೆಯಲೂಬಹುದು.

ವಾಲಿಸಿ ಕಟ್ಟಿದ ತಿರುವು ಟಯರನ್ನು ಹೇಗೆ ಅರೆಯುತ್ತದೆ ಎಂಬುದಕ್ಕೂ ಕಾರ್ತಿಕೇಯನ್ ಬದುಕಿನಲ್ಲೇ ಸಾಕ್ಷಿ ಇದೆ. 2005ರ ಜೂನ್‌ನಲ್ಲಿ ಇಂಡಿಯಾನಾಪೊಲಿಸ್‌ನ ಫಾರ್ಮುಲಾ ಒನ್ ಓಟ ಅಲ್ಲಿನ ಓವಲ್ ಟ್ರ್ಯಾಕಿನ ಒಂದು ತಿರುವನ್ನೂ ಬಳಸಿಕೊಂಡಿತ್ತು. ಆ ತಿರುವಿನ ಒತ್ತಡವನ್ನು ಮಿಶೆಲಿನ್ ಟಯರು ತಾಳಲಿಲ್ಲ. 14 ಕಾರುಗಳು ಓಡದೆ ಹಿಂದೆ ಸರಿದವು. ಉಳಿದ 6ರಲ್ಲಿ ಕಾರ್ತಿಕೇಯನ್ ನಾಲ್ಕನೆಯವರು. ಸುಲಭವೆಂದು ನಕ್ಕ ಓವಲ್ ತಿರುವು ಜಗತ್ತಿನ ಅತಿ ದುಬಾರಿ ಕಾರುಗಳನ್ನು ಮನೆಗೆ ಕಳಿಸಿತ್ತು.

ಓವಲ್‌ನ ಇನ್ನೊಂದು ಗುಣ ನೋಡುಗರ ಪಾಲಿನದು. ಬೆಂಗಳೂರು ಹೆದ್ದಾರಿಯ ಇರುಂಗಾಟ್ಟುಕೋಟೈ ಟ್ರ್ಯಾಕು ಸುಮಾರು 3.7 ಕಿ.ಮೀ. ಅಲ್ಲಿ ಕಾರು ಒಮ್ಮೆ ಸರ್ರನೆ ಹೋದರೆ ಮತ್ತೆ ಬರುವ ತನಕ ಕಾಯಬೇಕು. ಮಾರ್ಟಿನ್ಸ್‌ವಿಲ್‌ನಲ್ಲಿ ಕೂತ ಜಾಗದಿಂದಲೇ ಇಡೀ ಓಟ ಕಾಣುತ್ತದೆ, ರಥಬೀದಿಯ ಮಹಡಿಯಿಂದ ತೇರು ನೋಡಿದ ಹಾಗೆ. ಯಾರು ಯಾವ ಸುತ್ತಿನಲ್ಲಿ ಎಲ್ಲಿ ಸೋತರು ಎಂದು ನೋಡುಗನೇ ಹೇಳಬಲ್ಲ. ಇಂಥ ಟ್ರ್ಯಾಕು ನಮ್ಮಲ್ಲಿಲ್ಲ. ಪೀತಂಪುರದ 11.3 ಕಿ.ಮೀ. ಅಂಡಾಕಾರದ ಹಾದಿ ವಾಹನ ಪರೀಕ್ಷೆಗಷ್ಟೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಸ್ಪೀಡ್‌ವೇ ಎಂಬ ಹೆಸರಿದ್ದರೂ ಅದು ಅಂಕುಡೊಂಕಿನ ಟ್ರ್ಯಾಕು.

ಇಷ್ಟು ಹೊಗಳಿದ ಮೇಲೆ ಹುಳುಕನ್ನೂ ಹೇಳಬೇಕು. ಮೊದಲನೆಯದು ಹೆಸರು. ಸ್ಟಾಕ್ ಎಂದರೆ ಷೋರೂಮಿನಿಂದ ಬಂದ ಹಾಗೇ ಇರುವ ಕಾರು. 1949ರ ಜೂನ್ 19ರಂದು ಷಾರ್ಲಟ್‌ನಲ್ಲಿ ನಡೆದ ನಾಸ್ಕರ್‌ನ ಮೊದಲ 'ಸ್ಟ್ರಿಕ್ಟ್‌ಲಿ ಸ್ಟಾಕ್' ಓಟದಲ್ಲೇ ಈ ನಿಯಮ ಮುರಿದಿತ್ತು. ಮೊದಲು ಬಂದ ಗ್ಲೆನ್ ಡನವೇ ಅವರ ಫೋರ್ಡಿನ ಹಿಂದಿನ ಸ್ಪ್ರಿಂಗು ತಿದ್ದಿದ್ದಾಗಿತ್ತು. ಕಳ್ಳಭಟ್ಟಿ ಸಾಗಿಸುವವರು ಮಾಡಿಕೊಳ್ಳುತ್ತಿದ್ದ ಉಪಾಯ ಅದು. ಗೆಲುವು ಲಿಂಕನ್ ಓಡಿಸಿದ ಜಿಮ್ ರೋಪರ್ ಪಾಲಾಯಿತು. ಅಂದು ಸ್ಪ್ರಿಂಗಿಗೆ ಅನರ್ಹತೆ. ಇಂದು ಕ್ಯಾಮ್ರಿ, ಮಸ್ಟಾಂಗ್ ಎಂದು ಓಡುವುದರ ಹೆಡ್‌ಲೈಟೇ ಸ್ಟಿಕ್ಕರು! ಸ್ಟಾಕ್ ಎಂಬ ಮಾತಿಗೆ ಹೆಚ್ಚು ನಿಯತ್ತು ತೋರಿದ್ದು ಅಂಬತ್ತೂರಿನ ಉತ್ತರಕ್ಕಿರುವ ಶೋಳಾವರಂ ಎನ್ನಬಹುದು. ಎರಡನೇ ಮಹಾಯುದ್ಧದ ಕಾಲದ ಆ ರನ್‌ವೇಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ರೇಸು ನಡೆಸಿತು. ಅಂದು ಬೀದಿಯಲ್ಲಿ ಕಾಣುತ್ತಿದ್ದ ಫಿಯೆಟ್, ಹೆರಾಲ್ಡ್ ಕಾರುಗಳೇ ಅಲ್ಲಿಯೂ ಓಡಿದವು.

ಎರಡನೆಯ ಹುಳುಕು ದೊಡ್ಡದು: ಆಟಕ್ಕೆ ತನ್ನ ಸುತ್ತಿನ ಮೇಲೇ ನಂಬಿಕೆ ಇಲ್ಲ. ಅಪಘಾತವಾದಾಗ ಹಳದಿ ಬಾವುಟ ಬೀಸಿ ಎಲ್ಲರನ್ನೂ ಒತ್ತಟ್ಟಿಗೆ ತರುವುದು ಸರಿ, ಅದು ಪ್ರಾಣದ ಪ್ರಶ್ನೆ. 2001ರ ಡೇಟೋನಾ ಓಟದ ಕೊನೆಯ ಸುತ್ತಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ಸತ್ತ ಮೇಲೆಯೇ ಕತ್ತು ಕಾಯುವ ಪಟ್ಟಿ ಕಡ್ಡಾಯವಾದದ್ದು. ಆದರೆ 2017ರಿಂದ ಓಟವನ್ನು ಹಂತಗಳಾಗಿ ಸೀಳಿ, ಏನೂ ಆಗದಿದ್ದರೂ ಗೊತ್ತುಮಾಡಿದ ಸುತ್ತಿನಲ್ಲಿ ಹಳದಿ ಬಾವುಟ ಬೀಸುತ್ತಾರೆ. ನೂರು ಸುತ್ತಿನಲ್ಲಿ ಬೆವರಿ ಗಳಿಸಿದ ಅಂತರ ಒಂದೇ ಗಳಿಗೆಯಲ್ಲಿ ಸೊನ್ನೆ. ನೋಡುಗನಿಗೆ ಬೇಸರವಾದೀತೆಂಬ ಭಯಕ್ಕೆ, ಈ ಆಟದ ಜೀವಾಳವಾದ ತಾಳ್ಮೆಯನ್ನೇ ಕತ್ತರಿಸಿದಂತಾಯಿತು. ಗಾಣದೆತ್ತು ಎಂದು ನಗುವವರ ಮಾತನ್ನು ಆಟ ನಡೆಸುವವರೇ ಒಪ್ಪಿಕೊಂಡುಬಿಟ್ಟರು.

ಬಿಡುವು ಮುಗಿದ ಸೈರನ್ ಆಯಿತು. ಟರ್ನರ್ ಮಷೀನು ಹಾಕಿ, ಬೆಳಗಿನಿಂದ ತೆಗೆಯುತ್ತಿದ್ದ ಅದೇ ಬುಷ್‌ನ ಇನ್ನೊಂದು ಪೀಸು ತೆಗೆದರು. ಟ್ರೇಗೆ ಹಾಕಲಿಲ್ಲ, ಮೈಕ್ರೋಮೀಟರ್ ಹಿಡಿದು ಎರಡು ಸಲ ಅಳೆದರು. ಅದೇ ಪೀಸು ತಾನೆ ಅಣ್ಣಾ, ಮತ್ತೇಕೆ ಅಳತೆ ಎಂದೆ.

"ಅರ್ಧ ಗಂಟೆ ನಿಂತು ಮಷೀನ್ ತಣ್ಣಗಾಗಿರ್ತದೆ ಸಾರ್. ಅದೇ ಪೀಸ್ ಬರಲ್ಲ" ಎಂದು, ಹ್ಯಾಂಡಲನ್ನು ಒಂದು ಗೆರೆಯಷ್ಟು ತಿರುವಿದರು.